ಮೇಯರ್ ಸಹಿ ಹಾಕಿದ ತುರ್ತುಸ್ಥಿತಿ ಯಾರಿಗೆ ಬರೆದ ಕಾಗದ?

ಸ್ಯಾನ್‌ಫ್ರಾನ್ಸಿಸ್ಕೊದ ಅಂದಿನ ಮೇಯರ್ ಲಂಡನ್ ಬ್ರೀಡ್ ಕೋವಿಡ್ ಹರಡುವ ಭೀತಿಯಿಂದ 2020ರ ಫೆಬ್ರುವರಿ 25ರಂದು ತಮ್ಮ ನಗರದಲ್ಲಿ ಸ್ಥಳೀಯ ತುರ್ತುಸ್ಥಿತಿಯನ್ನು ಘೋಷಿಸಿದರು. ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದ ನನ್ನ ಹಳೆಯ ಕಕ್ಷಿದಾರರೊಬ್ಬರು ಮರುದಿನವೇ ಫೋನ್ ಮಾಡಿ, "ಎಮರ್ಜೆನ್ಸಿ ಹಾಕಿದ್ದಾರಂತೆ ಸ್ವಾಮಿ, ಟಿಕೆಟ್ ಬದಲಿಸಿ ಹೊರಟುಬಿಡಲೇ?" ಎಂದು ಕೇಳಿದರು. ಅವರ ಗಾಬರಿಗೆ ಕಾರಣ ರೋಗವಲ್ಲ, ಆ ಪದ. 1975ರ ಜೂನ್ ತಿಂಗಳನ್ನು ಕಂಡ ನಮ್ಮ ತಲೆಮಾರಿನವರಿಗೆ ತುರ್ತು ಪರಿಸ್ಥಿತಿ ಎಂದೊಡನೆ ಸಂವಿಧಾನದ 352ನೇ ವಿಧಿ, ಪತ್ರಿಕಾ ಸೆನ್ಸಾರ್, ರಾತ್ರೋರಾತ್ರಿ ನಡೆದ ಬಂಧನಗಳು ನೆನಪಾಗುತ್ತವೆ. ಒಂದು ನಗರದ ಮೇಯರ್ ಅಂಥದ್ದನ್ನು ಘೋಷಿಸಬಹುದು ಎಂಬುದೇ ನಮಗೆ ವಿಚಿತ್ರವಾಗಿ ಕೇಳಿಸುತ್ತದೆ.

ಸ್ಥಳೀಯ ಸಂಸ್ಥೆಗಳ ಕಾನೂನಿನಲ್ಲೇ ವೃತ್ತಿಯ ಬಹುಭಾಗ ಕಳೆದವನಾಗಿ ನಾನು ಅವರಿಗೆ ಹೇಳಿದ್ದು ಇಷ್ಟೇ: ಆ ಕಾಗದವನ್ನು ಬರೆದಿರುವುದು ನಿಮಗಲ್ಲ, ನಗರಾಡಳಿತ ತನಗೆ ತಾನೇ ಬರೆದುಕೊಂಡಿದೆ. ಅಂದು ನಗರವಾಸಿಗಳಲ್ಲಿ ಒಬ್ಬರಿಗೂ ಸೋಂಕು ದೃಢಪಟ್ಟಿರಲಿಲ್ಲ. ಮೊದಲ ಎರಡು ಪ್ರಕರಣಗಳು ಪ್ರಕಟವಾದದ್ದು ಮಾರ್ಚ್ 5ರಂದು. ಘೋಷಣೆಯಿಂದ ಒಂದು ಅಂಗಡಿಯೂ ಮುಚ್ಚಲಿಲ್ಲ, ಒಂದು ಬಸ್ಸೂ ನಿಲ್ಲಲಿಲ್ಲ.

ರೋಗಿಯೇ ಇಲ್ಲದ ಊರಿನಲ್ಲಿ ತುರ್ತುಸ್ಥಿತಿ ಘೋಷಿಸಲು ಬರುತ್ತದೆಯೇ? ಆ ನಗರವಿರುವ ಕ್ಯಾಲಿಫೋರ್ನಿಯಾ ರಾಜ್ಯದ ತುರ್ತು ಸೇವೆಗಳ ಕಾಯ್ದೆ ಇದಕ್ಕೆ ಅವಕಾಶ ಕೊಟ್ಟಿದೆ. ಅದರ ವ್ಯಾಖ್ಯೆಯಲ್ಲಿ ಬೆಂಕಿ, ಪ್ರವಾಹ, ಬರಗಾಲಗಳ ಸಾಲಿನಲ್ಲಿ ಸಾಂಕ್ರಾಮಿಕ ರೋಗದ ಹೆಸರೂ ಇದೆ. ಪರಿಸ್ಥಿತಿ ಆ ಊರಿನ ಸಿಬ್ಬಂದಿ ಮತ್ತು ಸಲಕರಣೆಗಳ ಕೈಮೀರಿ ಹೋಗಿರಬೇಕು, ಇಲ್ಲವೇ ಹೋಗುವ ಸಂಭವವಿರಬೇಕು. ಈ ಸಂಭವ ಎಂಬ ಮಾತಿನ ಮೇಲೆಯೇ ಫೆಬ್ರುವರಿ 25ರ ಘೋಷಣೆ ನಿಂತಿತ್ತು. ಸಮೀಪದ ಸಾಂಟಾ ಕ್ಲಾರಾ ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಅದಕ್ಕೂ ಎರಡು ವಾರ ಮುಂಚೆ, ಫೆಬ್ರುವರಿ 10ರಂದೇ ಇಂಥ ಹೆಜ್ಜೆ ಇಟ್ಟಿತ್ತು. ರಾಜ್ಯಪಾಲರ ಘೋಷಣೆ ಬಂದದ್ದು ಮಾರ್ಚ್ 4ರಂದು, ರಾಷ್ಟ್ರಾಧ್ಯಕ್ಷರದು ಮಾರ್ಚ್ 13ರಂದು. ಅಂದರೆ ಅಧಿಕಾರದ ಏಣಿಯಲ್ಲಿ ಕೆಳಗಿನ ಮೆಟ್ಟಿಲಿನವರೇ ಮೊದಲು ಎಚ್ಚೆತ್ತುಕೊಂಡಿದ್ದರು.

ಘೋಷಣೆ ಮಾಡುವ ನಿಜವಾದ ಕೆಲಸ ಕಡತಗಳ ಲೋಕದಲ್ಲಿ ನಡೆಯುತ್ತದೆ. ನಾನು ಸಲಹೆ ಕೊಡುತ್ತಿದ್ದ ಒಂದು ಸಣ್ಣ ನಗರಸಭೆಯಲ್ಲಿ ನೆರೆ ಬಂದಾಗ, ನೀರೆತ್ತುವ ಪಂಪುಗಳನ್ನು ಟೆಂಡರ್ ಇಲ್ಲದೆ ಬಾಡಿಗೆಗೆ ತರಬಹುದೇ ಎಂಬ ಟಿಪ್ಪಣಿ ಮೂರು ಮೇಜುಗಳನ್ನು ದಾಟುವಷ್ಟರಲ್ಲಿ ನೀರು ತಾನಾಗಿಯೇ ಇಳಿದಿತ್ತು. ಸಹಿ ಹಾಕಬೇಕಿದ್ದವರು ಕೆಟ್ಟವರಾಗಿರಲಿಲ್ಲ, ನಾಳೆ ಬರುವ ಲೆಕ್ಕಪರಿಶೋಧನೆಗೆ ಹೆದರಿದ್ದರು ಅಷ್ಟೆ. ಈ ಹೆದರಿಕೆಯನ್ನು ಘೋಷಣೆ ತಾತ್ಕಾಲಿಕವಾಗಿ ತೆಗೆದುಹಾಕುತ್ತದೆ. ಮಾಸ್ಕು, ಪರೀಕ್ಷಾ ಕಿಟ್ಟು, ಹೋಟೆಲ್ ಕೊಠಡಿಗಳನ್ನು ಮಾಮೂಲಿ ಟೆಂಡರಿನ ಹಾದಿ ಬಿಟ್ಟು ಪಡೆಯಬಹುದು; ಮುಂದೆ ರಾಜ್ಯದಿಂದಲೋ ಕೇಂದ್ರದಿಂದಲೋ ಖರ್ಚು ತುಂಬಿಸಿಕೊಳ್ಳಲು ಹೋದಾಗ ತೋರಿಸಲು ಒಂದು ದಾಖಲೆ ಇರುತ್ತದೆ. ಸಿಬ್ಬಂದಿಯನ್ನು ಅವರ ಇಲಾಖೆಯಿಂದ ಎತ್ತಿ ಬೇರೆ ಕೆಲಸಕ್ಕೆ ಹಚ್ಚುವುದೂ ಸುಲಭವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ನೌಕರರೆಲ್ಲ ಕಾನೂನಿನ ಪ್ರಕಾರ ವಿಪತ್ತು ಸೇವಾ ಕಾರ್ಯಕರ್ತರೂ ಹೌದು. ಸ್ಯಾನ್‌ಫ್ರಾನ್ಸಿಸ್ಕೊದ ಸಾರ್ವಜನಿಕ ಗ್ರಂಥಾಲಯಗಳ ಬಾಗಿಲು ಮುಚ್ಚಿದ ಮೇಲೆ ಅಲ್ಲಿನ ಗ್ರಂಥಪಾಲಕರು ಸೋಂಕಿತರ ಸಂಪರ್ಕ ಪತ್ತೆ ಹಚ್ಚುವ ಕೆಲಸಕ್ಕೆ ಕೂತದ್ದು ಈ ನಿಯಮದಿಂದಲೇ. ಅಪರಿಚಿತರು ಗೊಂದಲದಲ್ಲಿ ಕೇಳುವ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸುವುದೇ ವೃತ್ತಿಯಾದವರಿಗಿಂತ ಆ ಕೆಲಸಕ್ಕೆ ತಕ್ಕವರು ಸಿಗುತ್ತಿದ್ದರೆಂದು ನನಗನ್ನಿಸುವುದಿಲ್ಲ.

ಸಾಮಾನ್ಯ ಜನರಿಗೆ ನೇರವಾಗಿ ತಟ್ಟುವ ಪರಿಣಾಮವೂ ಒಂದಿದೆ. ಆ ರಾಜ್ಯದ ದಂಡಸಂಹಿತೆಯ 396ನೇ ಕಲಂ ಪ್ರಕಾರ, ತುರ್ತುಸ್ಥಿತಿ ಘೋಷಣೆಯಾದ ಬಳಿಕ ಸಾಮಾನ್ಯವಾಗಿ 30 ದಿನಗಳವರೆಗೆ ಅವಶ್ಯಕ ವಸ್ತುಗಳ ಬೆಲೆಯನ್ನು ಹಿಂದಿದ್ದುದಕ್ಕಿಂತ ಶೇ 10ಕ್ಕೂ ಹೆಚ್ಚು ಏರಿಸುವುದು, ವೆಚ್ಚವೇ ಹೆಚ್ಚಾಗಿದ್ದ ಹೊರತು, ಅಪರಾಧ.

ಹಾಗಾದರೆ ಜನರನ್ನು ಮನೆಯೊಳಗೆ ಕೂರಿಸಿದ್ದು ಯಾವ ಕಾಗದ? ಹೆಚ್ಚಿನವರು ಎಡವುವುದು ಇಲ್ಲಿಯೇ. 2020ರ ಮಾರ್ಚ್ 16ರಂದು ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಆರು ಕೌಂಟಿಗಳು ಮತ್ತು ಬರ್ಕ್ಲಿ ನಗರ ಹೊರಡಿಸಿದ "ಮನೆಯಲ್ಲೇ ಇರಿ" ಆದೇಶಕ್ಕೆ ಸಹಿ ಹಾಕಿದವರು ಮೇಯರ್‌ಗಳಲ್ಲ, ಆಯಾ ಆರೋಗ್ಯಾಧಿಕಾರಿಗಳು. ಅವರ ಅಧಿಕಾರದ ಮೂಲ ತುರ್ತು ಸೇವೆಗಳ ಕಾಯ್ದೆಯಲ್ಲ, ಆರೋಗ್ಯ ಮತ್ತು ಸುರಕ್ಷತಾ ಸಂಹಿತೆ. ಸ್ಯಾನ್‌ಫ್ರಾನ್ಸಿಸ್ಕೊ ನಗರವೂ ಹೌದು ಕೌಂಟಿಯೂ ಹೌದು; ಆದ್ದರಿಂದ ಎರಡೂ ಕೈಗಳು ಒಂದೇ ಮನೆಯಲ್ಲಿದ್ದವು, ಹೊರಗಿನವರಿಗೆ ಎರಡರ ವ್ಯತ್ಯಾಸ ಕಾಣಿಸಲಿಲ್ಲ. ಮೇಯರ್ ಘೋಷಣೆಯಡಿ ಬಂದ ಪೂರಕ ಆದೇಶಗಳು ಬೇರೆಯೇ ಬಗೆಯವು: ಬಾಡಿಗೆ ಕಟ್ಟಲಾಗದವರನ್ನು ಮನೆ ಬಿಡಿಸುವುದಕ್ಕೆ ತಡೆ, ಊಟ ತಲುಪಿಸುವ ಆ್ಯಪ್ ಕಂಪನಿಗಳು ಹೋಟೆಲಿನವರಿಂದ ಪಡೆಯುವ ಕಮಿಷನ್ನಿಗೆ ಶೇ 15ರ ಮಿತಿ, ಹೀಗೆ. ಯಾವ ನಿರ್ಬಂಧವನ್ನೇ ಪ್ರಶ್ನಿಸುವುದಿದ್ದರೂ ಮೊದಲು ಆದೇಶದ ಪೀಠಿಕೆಯನ್ನು ಓದಿ, ಯಾವ ಕಲಮಿನಡಿ ಹೊರಟಿದೆ ಎಂದು ನೋಡಬೇಕೆಂದು ನನ್ನ ಕಿರಿಯ ಸಹೋದ್ಯೋಗಿಗಳಿಗೆ ಹೇಳುತ್ತಿರುತ್ತೇನೆ. ಅವರು ನೇರವಾಗಿ ಕೊನೆಯ ಪುಟಕ್ಕೆ ಹಾರುತ್ತಾರೆ.

ಈ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅಧಿಕಾರಕ್ಕೆ ಕಟ್ಟಿದ ಗಡಿಯಾರ. ಮೇಯರ್ ಒಬ್ಬರೇ ಹೊರಡಿಸಿದ ಘೋಷಣೆಗೆ ಏಳು ದಿನಗಳ ಆಯುಸ್ಸು. ಅಷ್ಟರೊಳಗೆ ಚುನಾಯಿತ ಸಭೆ ಅದನ್ನು ಸ್ಥಿರೀಕರಿಸದಿದ್ದರೆ ತಾನಾಗಿಯೇ ಸಾಯುತ್ತದೆ. ಅಲ್ಲಿನ ಚುನಾಯಿತ ಸಭೆಯಾದ ಹನ್ನೊಂದು ಸದಸ್ಯರ ಬೋರ್ಡ್ ಆಫ್ ಸೂಪರ್‌ವೈಸರ್ಸ್ ಮಾರ್ಚ್ 3ರಂದು, ಅಂದರೆ ಏಳನೆಯ ದಿನ, ಸಹಮತ ಸೂಚಿಸಿತು. ಅನಂತರವೂ 60 ದಿನಗಳಿಗೊಮ್ಮೆಯಾದರೂ ಅದರ ಅಗತ್ಯವನ್ನು ಮರುಪರಿಶೀಲಿಸಬೇಕು, ಪರಿಸ್ಥಿತಿ ಅನುವು ಮಾಡಿಕೊಟ್ಟ ಕೂಡಲೇ ಮುಕ್ತಾಯ ಘೋಷಿಸಬೇಕು. ನಮ್ಮ ಪಾಲಿಕೆಗಳಲ್ಲಿ ಘಟನೋತ್ತರ ಅನುಮೋದನೆ ಎಂಬ ಹೆಸರಿನಲ್ಲಿ ತಿಂಗಳುಗಟ್ಟಲೆ ಹಿಂದಿನ ಖರ್ಚುಗಳು ಒಂದೇ ಠರಾವಿನಲ್ಲಿ ತೇಲಿಹೋಗುವುದನ್ನು ಕಂಡವರಿಗೆ ಈ ಏಳು ದಿನದ ಬೆಲೆ ಗೊತ್ತಾಗುತ್ತದೆ. ಅದೂ ಅಲ್ಲದೆ, ಟೆಂಡರಿನ ಬಾಗಿಲು ಸಡಿಲಿಸಿದ ಆ ನಗರದ ಲೋಕೋಪಯೋಗಿ ಇಲಾಖೆಯ ಮುಖ್ಯಸ್ಥರು ಅದೇ ಜನವರಿಯಲ್ಲಿ ಭ್ರಷ್ಟಾಚಾರದ ಪ್ರಕರಣದಲ್ಲಿ ಬಂಧಿತರಾಗಿದ್ದರು ಎಂಬುದನ್ನು ಮರೆಯಬಾರದು.

ಗಡಿಯಾರವಿದ್ದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದಲ್ಲ. ಆ ತುರ್ತುಸ್ಥಿತಿ ಮುಗಿದದ್ದು 2023ರ ಫೆಬ್ರುವರಿ 28ರಂದು, ರಾಜ್ಯದ ಘೋಷಣೆಯೂ ಕೊನೆಗೊಂಡ ದಿನವೇ. ಮೂರು ವರ್ಷ ನಡೆದದ್ದನ್ನು ತುರ್ತು ಎಂದು ಕರೆಯಲು ನನ್ನ ನಾಲಿಗೆ ತಡವರಿಸುತ್ತದೆ. ಲಸಿಕೆ ಕೈಗೆಟುಕಿದ ಮೇಲಾದರೂ ಒಂದೊಂದೇ ವಿನಾಯಿತಿಯನ್ನು ಸಾಮಾನ್ಯ ಕಾನೂನಿನ ಚೌಕಟ್ಟಿಗೆ ತರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಹಾಗೆ ಮಾಡಿದ್ದರೆ ಮುಂದಿನ ಅಲೆಗೆ ಮತ್ತೆ ಮೊದಲಿನಿಂದ ಸಹಿ ಹುಡುಕಬೇಕಾಗುತ್ತಿತ್ತು ಎಂದು ವಾದಿಸುವವರೂ ಇದ್ದಾರೆ, ಆ ವಾದವನ್ನು ತಳ್ಳಿಹಾಕಲಾರೆ.

ಬೆಂಗಳೂರಿನಲ್ಲಿ ಮೇಯರ್ ಹೀಗೆ ಘೋಷಿಸಬಹುದಿತ್ತೇ ಎಂದು ಆ ಕಕ್ಷಿದಾರರು ಹಿಂತಿರುಗಿದ ಮೇಲೆ ಕೇಳಿದರು. ಇಲ್ಲ. 1896ರ ಬೊಂಬಾಯಿ ಪ್ಲೇಗಿನ ಬೆನ್ನಿಗೆ ಬಂದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ವಿಶೇಷ ಅಧಿಕಾರವನ್ನು ಕೊಟ್ಟಿದ್ದು ಮುಖ್ಯವಾಗಿ ರಾಜ್ಯ ಸರ್ಕಾರಕ್ಕೆ. 2020ರ ಮಾರ್ಚ್‌ನಲ್ಲಿ ಕರ್ನಾಟಕದ ಕೋವಿಡ್ ನಿಯಮಗಳು ಬಂದದ್ದೂ ಅದರಡಿಯೇ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಕೇಂದ್ರ, ರಾಜ್ಯ, ಜಿಲ್ಲೆ ಎಂಬ ಮೂರು ಹಂತದ ಪ್ರಾಧಿಕಾರಗಳನ್ನು ಕಟ್ಟಿತು, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯನ್ನು ಮುಂದೆ ಕೂರಿಸಿತು. ಮೇಯರ್ ಅಲ್ಲಿ ತೀರ್ಮಾನಿಸುವ ಸ್ಥಾನದಲ್ಲಿಲ್ಲ. ಟೆಂಡರಿನಿಂದ ವಿನಾಯಿತಿ ಕೊಡುವ ನಮ್ಮ 1999ರ ಪಾರದರ್ಶಕತೆ ಕಾಯ್ದೆಯ 4ನೇ ಪ್ರಕರಣ ಕೂಡ ಸರ್ಕಾರ ಘೋಷಿಸಿದ ವಿಕೋಪ ಅಥವಾ ತುರ್ತುಸ್ಥಿತಿಯ ಮಾತನ್ನಾಡುತ್ತದೆ, ಪಾಲಿಕೆ ಘೋಷಿಸಿದ್ದರದ್ದಲ್ಲ. ಒಂದು ವೇಳೆ ಆ ಅಧಿಕಾರವನ್ನು ಪಾಲಿಕೆಗೆ ಕೊಟ್ಟು, ಏಳು ದಿನದೊಳಗೆ ಸಭೆಯ ಒಪ್ಪಿಗೆ ಪಡೆಯಬೇಕೆಂಬ ಷರತ್ತನ್ನೂ ಹಾಕಿದ್ದರು ಎಂದುಕೊಳ್ಳೋಣ. ಬಿಬಿಎಂಪಿಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದು, ಚುನಾವಣೆ ನಡೆಯದೆ ಆಡಳಿತಾಧಿಕಾರಿಯ ಕೈಗೆ ಹೋಗಿತ್ತು. 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಊರಿಗೆ ನುಗ್ಗಿದಾಗ ಸಹಮತ ಕೇಳಲು ಅಲ್ಲಿ ಕಾರ್ಪೊರೇಟರುಗಳೇ ಇರಲಿಲ್ಲ.