ಗ್ರೀನ್ ಕಾರ್ಡಿನ ವಕೀಲ ಯಾರ ಪರ?

ಕಲಬುರಗಿಯ ಕೋರ್ಟಿನ ಆವರಣದಲ್ಲಿ ಟೈಪಾಗುವ ಅಫಿಡವಿಟ್‌ಗಳಲ್ಲಿ ಹೆಚ್ಚಿನವು ಜಮೀನಿನ ತಕರಾರು, ಹೆಸರಿನ ತಿದ್ದುಪಡಿಗಳಂಥ ಊರಿನ ವ್ಯವಹಾರಕ್ಕೆ ಸೇರಿದವು. ಒಮ್ಮೊಮ್ಮೆ ಬೇರೆ ಬಗೆಯದೊಂದು ಬರುತ್ತದೆ. ಆಳಂದ ಅಥವಾ ಚಿಂಚೋಳಿ ಕಡೆಯ ಹಿರಿಯರೊಬ್ಬರು, ತಮ್ಮ ಅಕ್ಕನ ಮಗ ಇಂಥ ದಿನ ಇಂಥ ಹಳ್ಳಿಯ ಮನೆಯಲ್ಲೇ ಹುಟ್ಟಿದನೆಂದೂ ಆ ಸಂಗತಿಯನ್ನು ತಾವು ಖುದ್ದಾಗಿ ಬಲ್ಲೆವೆಂದೂ ಇಂಗ್ಲಿಷಿನ ಕಾಗದಕ್ಕೆ ಸಹಿ ಹಾಕಿ, ನೋಟರಿಯ ಮೊಹರು ಬೀಳುವವರೆಗೆ ಬೆಂಚಿನ ಮೇಲೆ ಕಾಯುತ್ತಾರೆ. ಅಳಿಯ ಅಮೆರಿಕದಲ್ಲಿ ಎಂಜಿನಿಯರ್. ಕಾಗದ ಅವನ ಗ್ರೀನ್ ಕಾರ್ಡಿಗೆ, ಅಂದರೆ ಅಲ್ಲಿ ಕಾಯಂ ನೆಲೆಸುವ ಪರವಾನಗಿಗೆ. ಅದನ್ನು ಕೇಳಿರುವುದು ಅಲ್ಲಿಯ ವಕೀಲರು. ಆ ವಕೀಲರಿಗೆ ಫೀ ಕೊಡುವವರು ಯಾರು ಎಂದು ಹಿರಿಯರು ಕೇಳಿದರೆ, ಬಹುತೇಕ ಪ್ರಕರಣಗಳಲ್ಲಿ ಉತ್ತರ ಒಂದೇ: ಕಂಪನಿ. ಈ ಉತ್ತರದ ಹಿಂದೆ ನೂರು ವರ್ಷಕ್ಕೂ ಮೀರಿದ ಕಾನೂನಿನ ಕಥೆಯಿದೆ.

ಇಂದು ಕೈಯಲ್ಲಿ ಕೆಲಸವಿಲ್ಲದವನಿಗೆ ಅಮೆರಿಕದ ಉದ್ಯೋಗ ವೀಸಾ ಸಿಗುವುದು ಅಪರೂಪ. ಆದರೆ ಒಂದು ಕಾಲದಲ್ಲಿ ಕೆಲಸ ಗೊತ್ತುಮಾಡಿಕೊಂಡು ಹೋಗುವುದೇ ಅಲ್ಲಿ ತಪ್ಪಾಗಿತ್ತು. ಅಗ್ಗದ ಕೂಲಿಯವರನ್ನು ಕರಾರಿನ ಮೇಲೆ ಹಡಗಿನಲ್ಲಿ ತಂದು ಸ್ಥಳೀಯರ ಸಂಬಳ ಇಳಿಸುತ್ತಾರೆಂಬ ದೂರಿನ ಮೇಲೆ 1885ರಲ್ಲಿ ಬಂದ ಕಾಯ್ದೆ, ಹಾಗೆ ಕರೆಸಿಕೊಳ್ಳುವ ಮಾಲೀಕರಿಗೆ ದಂಡ ವಿಧಿಸಿತು. ಆ ಬಲೆಗೆ ನ್ಯೂಯಾರ್ಕಿನ ಚರ್ಚೊಂದು ಸಿಕ್ಕಿಬಿತ್ತು. ಅದು ಮಾಡಿದ ಅಪರಾಧವೆಂದರೆ ಇಂಗ್ಲೆಂಡಿನಿಂದ ಪಾದ್ರಿಯನ್ನು ಕರೆಸಿಕೊಂಡದ್ದು. 1892ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಕಾಯ್ದೆಯ ಅಕ್ಷರ ಏನೇ ಹೇಳಲಿ, ಅದರ ಉದ್ದೇಶ ಕೂಲಿಗಳನ್ನು ತಡೆಯುವುದಷ್ಟೇ ಎಂದು ಚರ್ಚನ್ನು ಬಿಟ್ಟಿತು. ವಿದೇಶಿ ನೌಕರನ ವಿಷಯದಲ್ಲಿ ಮಾಲೀಕನೇ ವಕೀಲನನ್ನು ಹಿಡಿದು ಕೋರ್ಟಿಗೆ ಹೋಗುವ ರೂಢಿ ಅಷ್ಟು ಹಳೆಯದು. ಭಾರತೀಯರ ಪಾಲಿಗಂತೂ ಆಗ ಬಾಗಿಲು ಮುಚ್ಚುತ್ತ ಬಂದಿತ್ತು: 1917ರ ಕಾಯ್ದೆ ಏಷ್ಯಾದ ಬಹುಭಾಗವನ್ನೇ ನಿಷೇಧಿತ ವಲಯವೆಂದು ಸಾರಿತು, 1946ರಲ್ಲಿ ಅದು ತೆರೆದಾಗ ಇಡೀ ಭಾರತಕ್ಕೆ ಸಿಕ್ಕಿದ್ದು ವರ್ಷಕ್ಕೆ 100 ಜನರ ಕೋಟಾ.

1885ರ ನಿಷೇಧವನ್ನು 1952ರ ಕಾಯ್ದೆ ತೆಗೆದುಹಾಕಿತಾದರೂ, ವಿದೇಶಿಯರಿಂದ ಸ್ಥಳೀಯರಿಗೆ ಹಾನಿಯೆಂದು ಕಾರ್ಮಿಕ ಇಲಾಖೆ ಕಂಡುಕೊಂಡರೆ ತಡೆಯುವ ಅಧಿಕಾರವನ್ನು ಉಳಿಸಿಕೊಂಡಿತು. 1965ರಲ್ಲಿ, ದೇಶವಾರು ಹಳೆಯ ಕೋಟಾ ರದ್ದಾದ ಅದೇ ಕಾಯ್ದೆಯಲ್ಲಿ, ಈ ಹೊಣೆ ತಿರುವುಮುರುವಾಯಿತು. ಅಲ್ಲಿಯವರೆಗೆ ಇಲಾಖೆ ಆಕ್ಷೇಪಿಸದಿದ್ದರೆ ದಾರಿ ಸುಗಮ. ಅಲ್ಲಿಂದ ಮುಂದೆ, ಈ ಕೆಲಸಕ್ಕೆ ಅರ್ಹ ಸ್ಥಳೀಯರು ಸಿಗುತ್ತಿಲ್ಲವೆಂದು ಇಲಾಖೆ ಪ್ರಮಾಣೀಕರಿಸದೆ ಹೆಜ್ಜೆ ಇಡುವಂತಿಲ್ಲ. ನನ್ನ ದೃಷ್ಟಿಯಲ್ಲಿ ಈ ಕಥೆಯ ನಿಜವಾದ ತಿರುವು ಇದೇ. ಏಕೆಂದರೆ ಸ್ಥಳೀಯರು ಸಿಗಲಿಲ್ಲವೆಂದು ಹೇಳಬಲ್ಲವನು ಮಾಲೀಕನೊಬ್ಬನೇ. ಜಾಹೀರಾತು ಕೊಡುವವನು, ಬಂದ ಅರ್ಜಿಗಳನ್ನು ನೋಡುವವನು, ಕಡತ ಇಡುವವನು ಅವನೇ ಆದ ಮೇಲೆ ವಕೀಲನೂ ಅವನವನೇ ಆದ. ಮುಂದೆ 1990ರ ಕಾಯ್ದೆ ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾಕ್ಕೆ ವರ್ಷಕ್ಕೆ 65,000, ಉದ್ಯೋಗಾಧಾರಿತ ಗ್ರೀನ್ ಕಾರ್ಡಿಗೆ 1,40,000 ಎಂದು ಮಿತಿ ಹಾಕಿತು. 2005ರಿಂದ ಕಾರ್ಮಿಕ ಇಲಾಖೆಯ ಪ್ರಮಾಣೀಕರಣ ‘ಪರ್ಮ್’ ಎಂಬ ಹೊಸ ಪದ್ಧತಿಯಲ್ಲಿ ನಡೆಯುತ್ತಿದ್ದು, 2007ರ ನಿಯಮದ ಪ್ರಕಾರ ಆ ಹಂತದ ವಕೀಲರ ಫೀ ಮತ್ತು ಖರ್ಚನ್ನು ಕಂಪನಿ ನೌಕರನಿಂದ ವಸೂಲು ಮಾಡುವಂತಿಲ್ಲ.

ನೌಕರನ ಜೇಬು ಉಳಿಸುವ ಈ ನಿಯಮ ಒಳ್ಳೆಯದೇ, ಆದರೆ ಅದರಿಂದ ವಕೀಲರ ನಿಷ್ಠೆಯ ಪ್ರಶ್ನೆ ಇನ್ನಷ್ಟು ತೊಡಕಾಯಿತು. ಕಾಗದದಲ್ಲಿ ಅರ್ಜಿದಾರ ಕಂಪನಿ, ನೌಕರ ಫಲಾನುಭವಿ. ಹಲವು ವಕೀಲರು ಇಬ್ಬರನ್ನೂ ಪ್ರತಿನಿಧಿಸುವುದುಂಟು. ಇಬ್ಬರ ಹಿತವೂ ಒಂದೇ ಇರುವ ತನಕ ಅದರಿಂದ ಬಾಧಕವಿಲ್ಲ. ನೌಕರ ಕಂಪನಿ ಬಿಡಲು ಹೊರಟಾಗ ಅಥವಾ ಕಂಪನಿಯೇ ಅವನನ್ನು ಬಿಡಿಸಿದಾಗ, ಅದೇ ವಕೀಲರಿಂದ ಅವನು ಎಂಥ ಸಲಹೆ ನಿರೀಕ್ಷಿಸಬಹುದು? ವಕೀಲರು ಯಾರ ಪರ ಹಾಜರಾಗಿದ್ದಾರೆಂಬುದನ್ನು ಜಿ-28 ಎಂಬ ಫಾರಂ ಹೇಳುತ್ತದೆ. ನೌಕರ ಮೊದಲು ಕೇಳಿ ನೋಡಬೇಕಾದ ಕಾಗದ ಅದು. ಕೊನೆಯ ಹಂತವಾದ ಐ-485 ಅರ್ಜಿ ನೌಕರನ ಸ್ವಂತದ್ದಾದ್ದರಿಂದ ಅಲ್ಲಿ ಬೇರೆ ವಕೀಲರನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಆ ಹಂತ ಬರುವುದು ಯಾವಾಗ ಎಂಬುದೇ ಕಷ್ಟದ ಮಾತು. ವರ್ಷದ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶಕ್ಕೆ ಶೇ. 7ಕ್ಕಿಂತ ಹೆಚ್ಚು ಹೋಗಬಾರದೆಂಬ ಮಿತಿಯಿಂದಾಗಿ, ಎರಡನೇ ಮತ್ತು ಮೂರನೇ ಆದ್ಯತೆಯ (ಉನ್ನತ ಪದವಿಯವರ, ಮತ್ತು ಪದವೀಧರ ಅಥವಾ ಕುಶಲ ನೌಕರರ ವರ್ಗಗಳ) ಭಾರತೀಯರ ಸರದಿ 2025ರಲ್ಲಿಯೂ 2013ರ ಆಸುಪಾಸಿನಲ್ಲಿ ಅರ್ಜಿ ಹಾಕಿದವರಲ್ಲೇ ನಿಂತಿತ್ತು. ಎಚ್-1ಬಿ ಆರು ವರ್ಷಕ್ಕೆ ಮುಗಿಯಬೇಕಾದದ್ದು. ಸರದಿಯಲ್ಲಿರುವವರಿಗೆ ಅದನ್ನು ಮುಂದುವರಿಸುವ ಅವಕಾಶ 2000ದ ಕಾಯ್ದೆಯಿಂದ ಬಂತು. ನೌಕರನ ಗ್ರೀನ್ ಕಾರ್ಡಿಗಾಗಿ ಕಂಪನಿ ಸಲ್ಲಿಸುವ ಐ-140 ಅರ್ಜಿ ಮಂಜೂರಾಗಿ 180 ದಿನ ಕಳೆದ ಮೇಲೆ ಕಂಪನಿ ಅದನ್ನು ಹಿಂಪಡೆದರೂ ಅಷ್ಟರಿಂದಲೇ ಮಂಜೂರಾತಿ ರದ್ದಾಗದೆಂಬ ನಿಯಮ 2017ರಲ್ಲಿ ಜಾರಿಗೆ ಬಂದದ್ದು, ಕಡತದ ಮೇಲೆ ನೌಕರನಿಗೂ ತುಸು ಹಿಡಿತ ಕೊಟ್ಟಿತು. 2025ರ ಸೆಪ್ಟೆಂಬರಿನ ಅಧ್ಯಕ್ಷೀಯ ಘೋಷಣೆ, ಹೊರದೇಶದಲ್ಲಿರುವವರಿಗಾಗಿ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಹೇರಿತು. ಬೀದರ್ ಅಥವಾ ಕಲಬುರಗಿಯ ಎಂಜಿನಿಯರಿಂಗ್ ಕಾಲೇಜಿನಿಂದ ಈಗಷ್ಟೇ ಹೊರಬಂದವನಿಗಾಗಿ ಅಷ್ಟು ಹಣ ಸುರಿಯುವ ಕಂಪನಿ ಅಪರೂಪ.

ಇನ್ನು ನಮ್ಮ ಕಡೆಯ ತಾಪತ್ರಯ. ಜನನ ನೋಂದಣಿ ಕಾಯ್ದೆ 1969ರದು. ಆದರೂ ಹಳ್ಳಿಯಲ್ಲಿ ಸೂಲಗಿತ್ತಿಯ ಕೈಯಲ್ಲಾದ ಹೆರಿಗೆಗಳು ಎಷ್ಟೋ ವರ್ಷ ಯಾವ ರಿಜಿಸ್ಟರಿಗೂ ಏರಲಿಲ್ಲ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಜೂನ್ 1 ಎಂದು ಬರೆದುಕೊಂಡರು. ಅದೇ ಮಾರ್ಕ್ಸ್ ಕಾರ್ಡಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ಹೋಯಿತು. ಒಂದೇ ಹೆಸರಿದ್ದವರ ವೀಸಾದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಅಚ್ಚಾದದ್ದೂ ಇದೆ. ವರ್ಷ ಮೀರಿದ ಜನನ ನೋಂದಣಿಗೆ ಹಿಂದೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಕಂದಾಯ ಅಧಿಕಾರಿಗಳ ಕಡೆಗೆ ಸರಿಸಿತು. ಹೀಗೆ ಈಚೆಗೆ ಪಡೆದ ಪ್ರಮಾಣಪತ್ರವನ್ನು ಅಮೆರಿಕದ ಅಧಿಕಾರಿಗಳು ಸಂಶಯದಿಂದ ನೋಡಬಹುದಾದ್ದರಿಂದ ಶಾಲೆಯ ದಾಖಲೆಯನ್ನೂ ಜೊತೆಗಿಡಬೇಕಾಗುತ್ತದೆ. ನೋಂದಣಿಯೇ ಆಗಿಲ್ಲದಿದ್ದರೆ ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರ, ಅದರೊಡನೆ ಹುಟ್ಟನ್ನು ಖುದ್ದು ಬಲ್ಲ ಇಬ್ಬರ ಅಫಿಡವಿಟ್.

ಕೋರ್ಟಿನ ಬೆಂಚಿನ ಮೇಲೆ ಕೂತ ಹಿರಿಯರು ಈ ಇಬ್ಬರಲ್ಲೊಬ್ಬರು. ಸಾಮಾನ್ಯವಾಗಿ ವಕೀಲರು ಈ ಕಾಗದ ಕೇಳುವುದು ಸರದಿ ಹತ್ತಿರ ಬಂದಾಗ. ಹತ್ತಾರು ವರ್ಷ ಕಾಯುವ ಕಡತದಲ್ಲಿ, ಅಷ್ಟು ಹೊತ್ತಿಗೆ ಹೆರಿಗೆಯ ಮನೆಯಲ್ಲಿದ್ದ ಅಜ್ಜಿ ಇರುವುದಿಲ್ಲ, ಸೋದರಮಾವನಿಗೆ ಮರೆವು ಹಿಡಿದಿರುತ್ತದೆ. ಅದಕ್ಕೇ ತಿಳಿದವರು ಐ-140 ಮಂಜೂರಾದ ಸುದ್ದಿ ಬಂದ ವರ್ಷದ ರಜೆಯಲ್ಲೇ ಊರಿಗೆ ಬಂದು, ಮಾವನನ್ನು ಬಸ್ಸು ಹತ್ತಿಸಿ ಕರೆತಂದು ಸಹಿ ಮಾಡಿಸಿಡುತ್ತಾರೆ.