ಬೂಟ್ ಆಗ್ತಿಲ್ಲ ಅಂದ್ರೆ ಏನಾಗ್ತಿಲ್ಲ?

‘ಅಪ್‌ಡೇಟ್ ಹಾಕಿದ ಮೇಲೆ ಕಂಪ್ಯೂಟರ್ ಬೂಟ್ ಆಗ್ತಿಲ್ಲ’ ಅನ್ನುವ ಮಾತು ಆಗಾಗ ಕೇಳುತ್ತೇವೆ. ಬೂಟ್ ಅಂದರೆ ಆನ್ ಮಾಡಿದ ಕಂಪ್ಯೂಟರ್ ಬಳಸಲು ಸಿದ್ಧವಾಗಿ ಏಳುವುದು. ಈ ಬೂಟಿಗೂ ಕಾಲಿಗೆ ಹಾಕುವ ಬೂಟಿಗೂ ಸಂಬಂಧ ಇದೆ. ತಮಾಷೆಗೆ ಹೇಳ್ತಿಲ್ಲ, ಎರಡೂ ಒಂದೇ ಪದ. ಉದ್ದನೆಯ ಬೂಟಿನ ಮೇಲಂಚಿನಲ್ಲಿ ಒಂದು ಪಟ್ಟಿ ಹೊಲಿದಿರುತ್ತಾರೆ. ಅದನ್ನು ಹಿಡಿದು ಎಳೆದರೆ ಕಾಲು ಸಲೀಸಾಗಿ ಒಳಗೆ ಹೋಗುತ್ತದೆ. ಆ ಪಟ್ಟಿಯ ಹೆಸರು ಬೂಟ್‌ಸ್ಟ್ರ್ಯಾಪ್. ಅದನ್ನು ಹಿಡಿದು ತನ್ನನ್ನು ತಾನೇ ನೆಲದಿಂದ ಮೇಲೆತ್ತಿಕೊಳ್ಳುವುದು ಅಂತ ಇಂಗ್ಲಿಷಿನಲ್ಲಿ ಒಂದು ಮಾತಿದೆ. ಆಗದ ಹೋಗದ ಕೆಲಸಕ್ಕೆ ಹಾಗೆ ಹೇಳುತ್ತಿದ್ದರು. ಕಂಪ್ಯೂಟರಿನವರು 1950ರ ದಶಕದಲ್ಲಿ ಆ ಮಾತನ್ನು ಎತ್ತಿಕೊಂಡರು. ಬಾಯಲ್ಲಿ ಸವೆದು ಸವೆದು ಬೂಟ್ ಅಂತಷ್ಟೇ ಉಳಿಯಿತು.

ನಮ್ಮಲ್ಲಿ ಇದಕ್ಕೆ ಇನ್ನೂ ಚೆನ್ನಾಗಿ ಹೊಂದುವ ಗಾದೆ ಇದೆ: ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಆಫ್ ಆಗಿರುವ ಕಂಪ್ಯೂಟರಿನ ಮೆಮೊರಿ ಖಾಲಿ. ಡಿಸ್ಕಿನಲ್ಲಿ ಮಲಗಿರುವ ಆಪರೇಟಿಂಗ್ ಸಿಸ್ಟಮನ್ನು (ಓಎಸ್), ಅಂದರೆ ವಿಂಡೋಸನ್ನೋ ಲಿನಕ್ಸನ್ನೋ, ಮೆಮೊರಿಗೆ ತರಬೇಕು. ತರುವುದಕ್ಕೆ ಒಂದು ಪ್ರೋಗ್ರಾಮ್ ಬೇಕು. ಸರಿ, ಆ ಪ್ರೋಗ್ರಾಮನ್ನು ಮೆಮೊರಿಗೆ ತರುವವರು ಯಾರು?

ಮೊದಮೊದಲು ಮನುಷ್ಯರೇ ತರುತ್ತಿದ್ದರು. 1952ರ ಐಬಿಎಂ 701 ಯಂತ್ರದಲ್ಲಿ ಲೋಡ್ ಅಂತ ಒಂದು ಬಟನ್ ಇತ್ತು. ಒತ್ತಿದರೆ ತೂತು ಕೊರೆದ ಕಾರ್ಡಿನಿಂದಲೋ ಟೇಪಿನಿಂದಲೋ ಮೊದಲ ತುಣುಕೊಂದನ್ನು ಮಾತ್ರ ಓದಿಕೊಳ್ಳುತ್ತಿತ್ತು. ಅದರಲ್ಲಿದ್ದ ಆದೇಶ ಮುಂದಿನದನ್ನು ಓದಿಸುತ್ತಿತ್ತು, ಅದು ಅದರ ಮುಂದಿನದನ್ನು. 1975ರ ಆಲ್ಟೇರ್ 8800 ಕೊಂಡವರ ಪಾಡು ಇನ್ನೂ ಚೆಂದ. ಮುಂಭಾಗದಲ್ಲಿದ್ದ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡಿ, ಒಂದೊಂದೇ ಬೈಟ್ ಕೈಯಿಂದ ತುಂಬಬೇಕಿತ್ತು. ನಡುವೆ ಒಂದು ಸ್ವಿಚ್ ತಪ್ಪಿತೋ, ಯಂತ್ರ ಏಳುತ್ತಿರಲಿಲ್ಲ. ಕರೆಂಟ್ ಹೋದರೆ ಮತ್ತೆ ಮೊದಲಿನಿಂದ.

ಈಗ ಆ ಸ್ವಿಚ್ಚುಗಳ ಕೆಲಸವನ್ನು ಮದರ್‌ಬೋರ್ಡಿನ ಮೇಲಿರುವ ಒಂದು ಪುಟ್ಟ ಚಿಪ್ ಮಾಡುತ್ತದೆ. ಅದರೊಳಗಿನ ಪ್ರೋಗ್ರಾಮಿಗೆ ಫರ್ಮ್‌ವೇರ್ ಅನ್ನುತ್ತಾರೆ. ಹಳೆಯದಾದರೆ ಬಯಾಸ್, ಹೊಸದಾದರೆ ಯುಇಎಫ್ಐ. ಪವರ್ ಬಟನ್ ಒತ್ತಿದ ಕೂಡಲೇ ಮೊದಲು ಏಳುವುದು ಇದು. ಮೆಮೊರಿ ಇದೆಯಾ, ಕೀಬೋರ್ಡ್ ಇದೆಯಾ ಅಂತ ಒಮ್ಮೆ ತಡಕಿ ನೋಡಿ, ಡಿಸ್ಕಿನಲ್ಲಿರುವ ಬೂಟ್‌ಲೋಡರ್ ಅನ್ನುವ ಚಿಕ್ಕ ಪ್ರೋಗ್ರಾಮನ್ನು ಎಬ್ಬಿಸುತ್ತದೆ. ಬೂಟ್‌ಲೋಡರ್ ಕರ್ನಲನ್ನು, ಅಂದರೆ ಓಎಸ್‌ನ ತಿರುಳನ್ನು, ಎಬ್ಬಿಸುತ್ತದೆ. ಕರ್ನಲ್ ಡ್ರೈವರುಗಳನ್ನು (ಒಂದೊಂದು ಭಾಗವನ್ನೂ ನಡೆಸುವ ಪ್ರೋಗ್ರಾಮುಗಳನ್ನು) ಎಬ್ಬಿಸಿ, ಡಿಸ್ಕನ್ನು ಸರಿಯಾಗಿ ತೆರೆದು, ಉಳಿದ ನೂರಾರು ಪ್ರೋಗ್ರಾಮುಗಳಿಗೆ ದಾರಿ ಮಾಡಿಕೊಡುತ್ತದೆ. ಆಮೇಲೆ ನಿಮಗೆ ಪಾಸ್‌ವರ್ಡ್ ಕೇಳುವ ಪರದೆ ಕಾಣುತ್ತದೆ. ಬಯಾಸ್ ಕಾಲದಲ್ಲಿ ಡಿಸ್ಕಿನ ಮೊದಲ 512 ಬೈಟುಗಳನ್ನು ಇದಕ್ಕೆಂದು ಮೀಸಲಿಟ್ಟಿದ್ದರು. ಅದರಲ್ಲೂ ಬೂಟ್ ಕೋಡಿಗೆ ಸಿಗುತ್ತಿದ್ದದ್ದು 446 ಬೈಟು. ಕನ್ನಡದಲ್ಲಿ ಮೂರು ಎಸ್ಸೆಮ್ಮೆಸ್ ಬರೆದರೆ ಹೆಚ್ಚುಕಡಿಮೆ ಮುಗಿದುಹೋಗುವಷ್ಟು ಜಾಗ! ಇಡೀ ವಿಂಡೋಸ್ ಏಳುವುದು ಅಷ್ಟು ಚಿಕ್ಕ ತುಣುಕಿನಿಂದಲೇ ಶುರುವಾಗುತ್ತಿತ್ತು.

ಅಂದ್ರೆ ಬೂಟ್ ಅನ್ನುವುದು ಒಂದು ಸರಪಳಿ. ಒಬ್ಬ ಎದ್ದು ಪಕ್ಕದವನನ್ನು ತಟ್ಟಿ ಎಬ್ಬಿಸಿ ತಾನು ಪಕ್ಕಕ್ಕೆ ಸರಿಯುತ್ತಾನೆ. ‘ಬೂಟ್ ಆಗ್ತಿಲ್ಲ’ ಅಂದರೆ ಆ ಸಾಲಿನಲ್ಲಿ ಯಾರೋ ಒಬ್ಬ ಏಳಲಿಲ್ಲ ಅಂತ ಅರ್ಥ. ನಿಮ್ಮ ಫೋಟೋ, ಪತ್ರ, ಲೆಕ್ಕ ಇವೆಲ್ಲ ಈ ಸಾಲಿನಲ್ಲಿ ನಿಂತಿರುವುದೇ ಇಲ್ಲ. ಅಪ್‌ಡೇಟಿನಿಂದ ಕೆಟ್ಟ ಕಂಪ್ಯೂಟರಿನಲ್ಲಿ ಅವು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ‘ಓಎಸ್ ಹೋಗಿದೆ, ಫಾರ್ಮ್ಯಾಟ್ ಹೊಡೆದುಬಿಡೋಣ’ ಅಂತ ಯಾರಾದರೂ ಮೊದಲ ಮಾತಿಗೇ ಅಂದರೆ ಸ್ವಲ್ಪ ತಡೆಯಿರಿ. ಅದು ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುವ ಕೊನೆಯ ಉಪಾಯ.

ಅಪ್‌ಡೇಟ್ ಆದ ಮೇಲೇ ಯಾಕೆ ಹೀಗಾಗುತ್ತದೆ? ಈ ಸರಪಳಿಯ ಕೊಂಡಿಗಳನ್ನು ಬದಲಿಸುವುದು ಹೆಚ್ಚಾಗಿ ಅಪ್‌ಡೇಟೇ. ದಿನಾ ನೀವು ಮಾಡುವ ಕೆಲಸ ಕರ್ನಲನ್ನು ಮುಟ್ಟುವುದಿಲ್ಲ. ಅಪ್‌ಡೇಟ್ ಮುಟ್ಟುತ್ತದೆ. ಅದೂ ವಿಂಡೋಸಿನಲ್ಲಾದರೆ, ಕಂಪ್ಯೂಟರ್ ಓಡುತ್ತಿರುವಾಗ ಹಳೆಯದನ್ನು ತೆಗೆಯಲಾಗದ್ದಕ್ಕೆ, ರೀಸ್ಟಾರ್ಟ್ ಆಗುವ ಹೊತ್ತಿಗೆ ಮುಟ್ಟುತ್ತದೆ. ನಡುವೆ ಬ್ಯಾಟರಿ ಮುಗಿದರೆ, ಡಿಸ್ಕಿನಲ್ಲಿ ಜಾಗ ಸಾಲದಿದ್ದರೆ, ಹೊಸ ಡ್ರೈವರಿಗೂ ಹಳೆಯ ಯಂತ್ರಕ್ಕೂ ಸರಿಬರದಿದ್ದರೆ ಕೊಂಡಿ ಅರ್ಧಕ್ಕೇ ನಿಲ್ಲುತ್ತದೆ.

ಹಾಗಾಗಿ ಮೊದಲು ಮಾಡಬೇಕಾದದ್ದು ಸುಮ್ನೆ ನೋಡುವುದು. ಎಲ್ಲಿಯ ತನಕ ಬಂದು ನಿಂತಿದೆ? ಫ್ಯಾನ್ ತಿರುಗುತ್ತಿದೆ, ಆದರೆ ಕಂಪನಿಯ ಲೋಗೋ ಕೂಡ ಬರುತ್ತಿಲ್ಲ ಅಂದರೆ ಫರ್ಮ್‌ವೇರೇ ಎದ್ದಿಲ್ಲ. ಬಯಾಸ್ ಅಪ್‌ಡೇಟ್ ಮಾಡಿರದಿದ್ದರೆ ಇದು ಬಹುಶಃ ಮೆಮೊರಿಯದ್ದೋ ಬೋರ್ಡಿನದ್ದೋ ತೊಂದರೆ, ಅಪ್‌ಡೇಟಿನ ಮೇಲೆ ತಪ್ಪು ಹೊರಿಸಬೇಡಿ. ಲೋಗೋ ಬಂದು ‘ನೋ ಬೂಟಬಲ್ ಡಿವೈಸ್’ ಅಂತಲೋ ‘ಗ್ರಬ್ ರೆಸ್ಕ್ಯೂ’ (ಗ್ರಬ್ ಅಂದರೆ ಲಿನಕ್ಸಿನ ಬೂಟ್‌ಲೋಡರ್) ಅಂತಲೋ ನಿಂತರೆ ಬೂಟ್‌ಲೋಡರ್ ಸಿಕ್ಕಿಲ್ಲ, ಅಥವಾ ಅರ್ಧ ಸಿಕ್ಕಿದೆ. ಚುಕ್ಕಿಗಳು ಗಿರಗಿರ ತಿರುಗಿ ನೀಲಿ ಪರದೆ ಬಂದರೆ ಬೂಟ್‌ಲೋಡರ್ ತನ್ನ ಕೆಲಸ ಮುಗಿಸಿದೆ, ಎಡವಿದ್ದು ಕರ್ನಲ್ ಅಥವಾ ಡ್ರೈವರ್. ಪಾಸ್‌ವರ್ಡ್ ಹಾಕಿದ ಮೇಲೆ ಪರದೆ ಕಪ್ಪಾಗಿ ಮೌಸಿನ ಬಾಣ ಮಾತ್ರ ಓಡಾಡುತ್ತಿದ್ದರೆ, ನಿಜ ಹೇಳಬೇಕೆಂದರೆ ಕಂಪ್ಯೂಟರ್ ಬೂಟ್ ಆಗಿದೆ. ಅದರಾಚೆಗಿನದು ಬೇರೆ ಕಥೆ, ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರಿನದು. ಪರದೆಯ ಮೇಲೆ ಏನೇ ಬರೆದಿದ್ದರೂ ಫೋನಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ. ಮೂರನೇ ಸಲಕ್ಕೆ ಆ ಸಾಲು ಬರದೇ ಹೋಗಬಹುದು.

ಎಲ್ಲಿ ನಿಂತಿದೆ ಅಂತ ಗೊತ್ತಾದ ಮೇಲೆ ರಿಕವರಿ. ಈ ಪದವೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಏನೋ ಕಳೆದುಹೋದದ್ದನ್ನು ವಾಪಸ್ ತರುವ ಹಾಗೆ ಕೇಳಿಸುತ್ತದೆ, ಅಲ್ವಾ? ಇಲ್ಲಿ ನಡೆಯುವುದು ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಹೋಗಿ ಮುಂಬಾಗಿಲ ಚಿಲಕ ತೆಗೆಯುವ ಕೆಲಸ.

ವಿಂಡೋಸ್ ಸತತವಾಗಿ 2 ಸಲ ಏಳಲಾರದೆ ಬಿದ್ದರೆ, ಮುಂದಿನ ಸಲ ತಾನಾಗಿಯೇ ಆ ಹಿತ್ತಲ ಬಾಗಿಲಿಗೆ ಕರೆದೊಯ್ಯುತ್ತದೆ. ಕರೆದೊಯ್ಯದಿದ್ದರೆ, ಲೋಗೋ ಕಂಡ ಮೇಲೆ ಪವರ್ ಬಟನನ್ನು ಆಫ್ ಆಗುವ ತನಕ ಒತ್ತಿ ಹಿಡಿಯಿರಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಕವರಿ ಪರದೆ ಬರುತ್ತದೆ. ಆದರೆ ‘ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ’ ಅಂತ ಶೇಕಡಾವಾರು ಅಂಕಿ ತೋರಿಸುತ್ತಿರುವಾಗ ಮಾತ್ರ ಈ ಆಟ ಬೇಡ. ಒಂದು ಗಂಟೆ ಕಾಯುವುದು ಒಳ್ಳೆಯದು.

ಒಳಗೆ ಹೋದ ಮೇಲೆ ಟ್ರಬಲ್‌ಶೂಟ್, ಅಲ್ಲಿಂದ ಅಡ್ವಾನ್ಸ್ಡ್ ಆಪ್ಷನ್ಸ್. ಅಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇರುತ್ತದೆ. ನನ್ನ ಮಟ್ಟಿಗೆ ಮೊದಲು ಒತ್ತಬೇಕಾದ್ದು ಇದನ್ನೇ. ಕ್ವಾಲಿಟಿ ಅಪ್‌ಡೇಟ್ ಅಂದರೆ ತಿಂಗಳು ತಿಂಗಳು ಬರುವ ಸಣ್ಣದು, ಫೀಚರ್ ಅಪ್‌ಡೇಟ್ ಅಂದರೆ ದೊಡ್ಡದು. ದೊಡ್ಡದನ್ನು ತೆಗೆದು ಹಿಂದಕ್ಕೆ ಹೋಗಲು ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ. ಇದರಿಂದ ಆಗದಿದ್ದರೆ ಸ್ಟಾರ್ಟಪ್ ರಿಪೇರ್, ಸಿಸ್ಟಮ್ ರಿಸ್ಟೋರ್, ಸೇಫ್ ಮೋಡ್ ಇವೆ. ಸೇಫ್ ಮೋಡ್ ಅಂದರೆ ತೀರಾ ಬೇಕಾದ ಡ್ರೈವರುಗಳನ್ನು ಮಾತ್ರ ಎಬ್ಬಿಸಿ, ಉಳಿದವರನ್ನು ಮಲಗಲು ಬಿಡುವುದು. ಅದರಲ್ಲಿ ಕಂಪ್ಯೂಟರ್ ಎದ್ದರೆ ಕಳ್ಳ ಮಲಗಿರುವವರಲ್ಲೇ ಒಬ್ಬ.

ಕಮಾಂಡ್ ಪ್ರಾಂಪ್ಟಿಗೆ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಪರದೆಗೆ, ಹೋಗುವವರಿಗೆ ಒಂದು ಮಾತು. ಅಲ್ಲಿ ನೀವು ನಿಂತಿರುವುದು ಎಕ್ಸ್ ಡ್ರೈವಿನಲ್ಲಿ, ಅಂದರೆ ರಿಕವರಿಯ ತಾತ್ಕಾಲಿಕ ಜಾಗದಲ್ಲಿ. ನಿಮ್ಮ ವಿಂಡೋಸ್ ಇರುವ ಸಿ ಡ್ರೈವ್ ಅಲ್ಲಿ ಡಿ ಅಂತ ಕಾಣಿಸಿಕೊಳ್ಳಬಹುದು. ಮೊದಲು ಯಾವುದು ಯಾವುದು ಅಂತ ನೋಡಿಕೊಂಡು ಆಮೇಲೆ ಆದೇಶ ಕೊಡಿ.

ಇನ್ನೊಂದು ಕಡೆ ಜನ ಸಿಕ್ಕಿಬೀಳುತ್ತಾರೆ. ಹಿತ್ತಲ ಬಾಗಿಲಿಗೆ ಬಂದರೆ ಅಲ್ಲೊಂದು ಬೀಗ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ 48 ಅಂಕಿಗಳ ಕೀ ಕೇಳುತ್ತದೆ. ‘ನಾನು ಯಾವತ್ತೂ ಇದನ್ನು ಹಾಕಿಯೇ ಇಲ್ಲ’ ಅನ್ನುವವರೇ ಜಾಸ್ತಿ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ. ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುವ ಸಾಧ್ಯತೆ ಇದೆ, ಬೇರೆ ಫೋನಿನಿಂದ ಲಾಗಿನ್ ಆಗಿ ನೋಡಿ. ಆಫೀಸಿನ ಯಂತ್ರವಾದರೆ ಐಟಿಯವರ ಹತ್ತಿರ. ಎಲ್ಲಿಯೂ ಸಿಗಲಿಲ್ಲ ಅಂದರೆ ಆ ಡಿಸ್ಕಿನಲ್ಲಿರುವುದನ್ನು ಓದಿಕೊಡುವವರು ಯಾರೂ ಇಲ್ಲ. ಕಂಪ್ಯೂಟರ್ ಸರಿ ಇರುವಾಗಲೇ, ಇವತ್ತೇ, ಆ ಕೀ ಬರೆದಿಟ್ಟುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

2024ರ ಜುಲೈ 19ರಂದು ಇದೆಲ್ಲ ಒಟ್ಟಿಗೆ ನಡೆಯಿತು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಒಂದು ಸಣ್ಣ ಫೈಲ್ ಬಂತು. ಆ ತಂತ್ರಾಂಶ ಕರ್ನಲಿನ ಜೊತೆಗೇ, ಬೂಟಿನ ಆರಂಭದಲ್ಲೇ ಏಳುವಂಥದ್ದು. ಅದು 21ನೇ ಮೌಲ್ಯವನ್ನು ಓದಲು ಹೋಯಿತು, ಇದ್ದದ್ದು 20 ಮಾತ್ರ. ಇಲ್ಲದ ಜಾಗಕ್ಕೆ ಕೈ ಹಾಕಿ ಬಿತ್ತು, ಜೊತೆಗೆ ವಿಂಡೋಸೂ ಬಿತ್ತು. ಕಂಪನಿ 78 ನಿಮಿಷದಲ್ಲಿ ಆ ಫೈಲನ್ನು ವಾಪಸ್ ತೆಗೆದುಕೊಂಡಿತು. ಆದರೆ ಆಗಲೇ ಬಿದ್ದಿದ್ದ ಕಂಪ್ಯೂಟರುಗಳು ಸರಿಯಾದ ಫೈಲ್ ಇಳಿಸಿಕೊಳ್ಳುವ ಮೊದಲೇ ಮತ್ತೆ ಬೀಳುತ್ತಿದ್ದವು. ಇದಕ್ಕೇ ಬೂಟ್ ಲೂಪ್ ಅನ್ನುವುದು. ಎದ್ದು, ಎಡವಿ, ಬಿದ್ದು, ಮತ್ತೆ ಏಳುವುದು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ಹೀಗಾದವು. ವಿಮಾನಗಳು ನಿಂತವು, ಆಸ್ಪತ್ರೆಗಳ ಕೆಲಸ ನಿಂತಿತು. ಪರಿಹಾರ ಏನು ಗೊತ್ತಾ? ಸೇಫ್ ಮೋಡಿಗೆ ಹೋಗಿ ಒಂದೇ ಒಂದು ಫೈಲ್ ಅಳಿಸುವುದು. ಐದು ನಿಮಿಷದ ಕೆಲಸ. ಆದರೆ ಹೆಚ್ಚಿನ ಕಡೆ ಒಂದೊಂದು ಯಂತ್ರದ ಮುಂದೆಯೂ ಒಬ್ಬ ಮನುಷ್ಯ ಹೋಗಿ ಕೂರಬೇಕಿತ್ತು, ಆಮೇಲೆ ಆ 48 ಅಂಕಿಗಳನ್ನು ಹುಡುಕಬೇಕಿತ್ತು.

ಮ್ಯಾಕಿನಲ್ಲಿ ಹಿತ್ತಲ ಬಾಗಿಲು ಬೇರೆ ಕಡೆ ಇದೆ. ಆಪಲ್‌ನದೇ ಚಿಪ್ ಇರುವ ಯಂತ್ರವಾದರೆ ಪವರ್ ಬಟನನ್ನು ಸ್ಟಾರ್ಟಪ್ ಆಪ್ಷನ್ಸ್ ಕಾಣುವ ತನಕ ಹಿಡಿಯಬೇಕು, ಹಳೆಯ ಇಂಟೆಲ್ ಯಂತ್ರವಾದರೆ ಆನ್ ಮಾಡಿದ ಕೂಡಲೇ ಕಮಾಂಡ್ ಮತ್ತು ಆರ್ ಕೀ ಹಿಡಿಯಬೇಕು. ಅಲ್ಲಿಂದ ಮ್ಯಾಕ್ ಓಎಸ್ ಅನ್ನು ಇದ್ದುದರ ಮೇಲೇ ಮತ್ತೆ ಹಾಕಬಹುದು, ಡಿಸ್ಕ್ ಅಳಿಸದಿದ್ದರೆ ಫೈಲುಗಳು ಉಳಿಯುತ್ತವೆ.

ಲಿನಕ್ಸಿನ ಬಗ್ಗೆ ಪುಸ್ತಕದ ಮಾತು ಬೇಡ, ನನಗೇ ಆದದ್ದು ಹೇಳುತ್ತೇನೆ. ರಾತ್ರಿ ಅಪ್‌ಡೇಟ್ ಹಾಕಿ ಮಲಗಿದ್ದೆ. ಬೆಳಗ್ಗೆ ಆನ್ ಮಾಡಿದರೆ ಕಪ್ಪು ಪರದೆ, ಬಿಳಿ ಅಕ್ಷರಗಳ ರಾಶಿ, ಕೊನೆಗೆ ‘ಕರ್ನಲ್ ಪ್ಯಾನಿಕ್’. ಅದರ ಪಕ್ಕದಲ್ಲಿ ರೂಟ್ ಫೈಲ್ ಸಿಸ್ಟಮ್ ಮೌಂಟ್ ಮಾಡಲಾಗುತ್ತಿಲ್ಲ ಅಂತ ಗೋಳು, ಕಂಸದಲ್ಲಿ ಎರಡು ಸೊನ್ನೆ. ಎಸ್‌ಎಸ್‌ಡಿ ಸತ್ತಿತು ಅಂತಲೇ ಅಂದುಕೊಂಡೆ. ಹತ್ತು ನಿಮಿಷ ಬ್ಯಾಕಪ್ ಎಲ್ಲಿದೆ ಅಂತ ಯೋಚಿಸುತ್ತಾ ಕೂತಿದ್ದೆ.

ಆಮೇಲೆ ಆ ಸಾಲನ್ನು ಸರಿಯಾಗಿ ಓದಿದೆ. ಡಿಸ್ಕ್ ತೆರೆಯಲು ಆಗುತ್ತಿಲ್ಲ ಅಂತ ಹೇಳುತ್ತಿರುವುದು ಕರ್ನಲ್. ಅಂದರೆ ಕರ್ನಲ್ ಎದ್ದಿದೆ. ಅದು ಬಂದಿದ್ದಾದರೂ ಎಲ್ಲಿಂದ? ಅದೇ ಡಿಸ್ಕಿನಿಂದ! ಡಿಸ್ಕ್ ಬದುಕಿದೆ. ಮತ್ತೆ ಆನ್ ಮಾಡಿ ಎಸ್ಕೇಪ್ ಕೀ ಒತ್ತಿದೆ, ಗ್ರಬ್ ಮೆನು ಬಂತು. ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಿಂದಿನ ಕರ್ನಲ್ ಇತ್ತು. ಅದನ್ನು ಆರಿಸಿ ಎಂಟರ್ ಒತ್ತಿದರೆ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಎದ್ದು ಕೂತಿತು.

ತಪ್ಪು ನನ್ನದೇ. ಲಿನಕ್ಸ್ ಕರ್ನಲ್ ಏಳುವಾಗ ಇನಿಟ್‌ರಾಮ್‌ಎಫ್‌ಎಸ್ ಅಂತ ಒಂದು ಬುತ್ತಿ ಸಾಮಾನ್ಯವಾಗಿ ಜೊತೆಗಿರಬೇಕು. ಡಿಸ್ಕ್ ತೆರೆಯಲು ಬೇಕಾದ ಡ್ರೈವರುಗಳು ಅದರಲ್ಲಿರುತ್ತವೆ. ನನ್ನ ಬೂಟ್ ಪಾರ್ಟಿಷನ್ (ಬೂಟಿಗೆಂದು ಡಿಸ್ಕಿನಲ್ಲಿ ಬಿಟ್ಟ ಭಾಗ) ಚಿಕ್ಕದು, ಹಳೆಯ ಕರ್ನಲುಗಳಿಂದ ತುಂಬಿಹೋಗಿತ್ತು. ಹೊಸ ಕರ್ನಲಿಗೆ ಹೇಗೋ ಜಾಗ ಸಿಕ್ಕಿತು, ಬುತ್ತಿಗೆ ಸಿಗಲಿಲ್ಲ. ‘ಜಾಗ ಇಲ್ಲ’ ಅಂತ ರಾತ್ರಿಯೇ ಒಂದು ಸಾಲು ಬಂದಿತ್ತು, ನಾನು ನಿದ್ದೆಗಣ್ಣಿನಲ್ಲಿ ನೋಡಿರಲಿಲ್ಲ. ಹಳೆಯ ಎರಡು ಕರ್ನಲ್ ತೆಗೆದು, ಬುತ್ತಿಯನ್ನು ಮತ್ತೆ ಕಟ್ಟಿಸಿ, ಗ್ರಬ್ ಪಟ್ಟಿ ಹೊಸದು ಮಾಡಿದೆ. ಮೂರು ಆದೇಶ, ಅಷ್ಟೇ.

ಈ ಹಳೆಯದನ್ನು ಪಕ್ಕದಲ್ಲಿ ಇಟ್ಟುಕೊಳ್ಳುವ ಜಾಣತನ ಈಗ ಫೋನುಗಳಲ್ಲೂ ಇದೆ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ, ಕೆಲವು ಫೋನುಗಳು ಸಿಸ್ಟಮ್ಮಿಗೆ ಎ ಮತ್ತು ಬಿ ಅಂತ ಎರಡು ಜಾಗ ಇಡುತ್ತವೆ. ನೀವು ಎ ಬಳಸುತ್ತಿರುವಾಗ ಅಪ್‌ಡೇಟ್ ಬಿಗೆ ಹೋಗುತ್ತದೆ. ರೀಸ್ಟಾರ್ಟ್ ಆದಾಗ ಬಿ ಏಳದಿದ್ದರೆ ಫೋನ್ ತಾನೇ ಎಗೆ ವಾಪಸ್ ಬರುತ್ತದೆ. ನಿಮಗೆ ಗೊತ್ತೇ ಆಗದಿರಬಹುದು.

ನನ್ನ ಲ್ಯಾಪ್‌ಟಾಪಿನ ಬೂಟ್ ಪಾರ್ಟಿಷನ್ನಿನಲ್ಲಿ ಈಗ ಎರಡೇ ಕರ್ನಲ್ ಇವೆ. ಒಂದು ಇವತ್ತಿನದು, ಇನ್ನೊಂದು ಅದರ ಹಿಂದಿನದು.