ನಾಣ್ಯದ ಫೋಟೊ: ಬೆಳಕು ಯಾವ ಕಡೆಯಿಂದ ಬಿದ್ದಿದೆ?

ಹಾಸನ, ಸಕಲೇಶಪುರದ ಕಡೆ ಹಳೇ ಮನೆಗಳ ದೇವರ ಪೆಟ್ಟಿಗೆಯಲ್ಲಿ ಒಂದೆರಡು ಬೆಳ್ಳಿ ರೂಪಾಯಿ ಇನ್ನೂ ಸಿಗುತ್ತವೆ. ವಿಕ್ಟೋರಿಯಾ ರಾಣಿಯದ್ದೋ, ಐದನೇ ಜಾರ್ಜ್ ದೊರೆಯದ್ದೋ. ವರಮಹಾಲಕ್ಷ್ಮಿ ಹಬ್ಬಕ್ಕೆ ತೆಗೆದು, ವಿಭೂತಿ ಹಾಕಿ ಉಜ್ಜಿ, ಕಳಶದ ಮುಂದೆ ಇಡುತ್ತಾರೆ. ಅಂಥದ್ದೇ ರೂಪಾಯಿಗಳು ಈಗ ಮೊಬೈಲಿನಲ್ಲೂ ಮಾರಾಟಕ್ಕಿವೆ. ಫಳಫಳ ಹೊಳೆಯುವ ಫೋಟೊ, ಕೆಳಗೆ ದೊಡ್ಡ ಬೆಲೆ. ಅಂಥ ಫೋಟೊ ಕಂಡರೆ ನಾನಂತೂ ಮೊದಲು ನೋಡುವುದು ಬೆಳಕು ಯಾವ ಕಡೆಯಿಂದ ಬಿದ್ದಿದೆ ಅಂತ.

ಮನೆಯಲ್ಲಿರುವ ರೂಪಾಯಿಯನ್ನೇ ತೆಗೆದುಕೊಳ್ಳಿ. ಮೋಡ ಕವಿದ ದಿನ ಕಿಟಕಿ ಹತ್ತಿರ ಇಟ್ಟು ಒಂದು ಫೋಟೊ ತೆಗೆಯಿರಿ. ಎಲ್ಲ ಕಡೆಯಿಂದ ಸಮನಾಗಿ ಬೆಳಕು ಬೀಳುವುದರಿಂದ ನಾಣ್ಯ ನುಣ್ಣಗೆ ಕಾಣುತ್ತದೆ. ಆಮೇಲೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿನ ಮಟ್ಟಕ್ಕೇ ಹಿಡಿದು ಪಕ್ಕದಿಂದ ಬೆಳಕು ಬಿಡಿ. ಅದೇ ರಾಣಿಯ ಕೆನ್ನೆ ಮೇಲೆ ಕೂದಲೆಳೆಯಂಥ ಗೀರುಗಳು ಎದ್ದು ಬರುತ್ತವೆ. ವರ್ಷ ವರ್ಷ ಉಜ್ಜಿದ ಗುರುತು ಅದು. ಪಕ್ಕದ ಬೆಳಕಿನಲ್ಲಿ ಗೀರಿನ ಒಂದು ಗೋಡೆ ಹೊಳೆಯುತ್ತದೆ, ಇನ್ನೊಂದು ನೆರಳಿಗೆ ಹೋಗುತ್ತದೆ. ಹಾಗಾಗಿ ಅದು ಕಣ್ಣಿಗೆ ಬೀಳುತ್ತದೆ. ಬೆಳಕು ಎಲ್ಲ ಕಡೆಯಿಂದ ಬಂದರೆ ಎರಡೂ ಗೋಡೆ ಒಂದೇ ಥರ ಬೆಳಗಿ, ಗೀರು ಮಾಯ.

ಉಜ್ಜಿದ ಹೊಳಪು ಬೇರೆ, ಟಂಕಸಾಲೆಯ ಹೊಳಪು ಬೇರೆ. ಅಚ್ಚು ಜೋರಾಗಿ ಒತ್ತಿದಾಗ ಬೆಳ್ಳಿ ನಡುವಿನಿಂದ ಅಂಚಿನ ಕಡೆಗೆ ಸರಿಯುತ್ತದೆ. ಅಚ್ಚು ಬಳಕೆಯಾದಂತೆ ಇದರಿಂದ ನಾಣ್ಯದ ಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ, ನಡುವಿನಿಂದ ಹೊರಕ್ಕೆ ಹರಡಿದಂತೆ. ಚಲಾವಣೆಯಲ್ಲಿ ಸವೆಯದ ನಾಣ್ಯವನ್ನು ದೀಪದ ಕೆಳಗೆ ನಿಧಾನವಾಗಿ ಓಲಾಡಿಸಿದರೆ ಬೆಳಕಿನ ಪಟ್ಟಿಯೊಂದು ಗಿರಗಿರನೆ ಸುತ್ತುತ್ತದೆ. ನೋಡೋದಕ್ಕೇ ಖುಷಿ. ಒಮ್ಮೆ ಬ್ರಷ್ ಹಾಕಿ ತಿಕ್ಕಿದರೆ ಆ ಗೆರೆಗಳು ಅಳಿಸಿಹೋಗುತ್ತವೆ, ಮತ್ತೆ ಬರುವುದಿಲ್ಲ. ನಿಂತ ಫೋಟೊದಲ್ಲಿ ಈ ವ್ಯತ್ಯಾಸ ತಿಳಿಯುವುದು ಕಷ್ಟ. ಅದಕ್ಕೇ ಮಾರುವವರಿಗೆ, "ನಾಣ್ಯ ಓಲಾಡಿಸಿ ಹತ್ತು ಸೆಕೆಂಡಿನ ವಿಡಿಯೊ ಕಳಿಸಿ ಸರ್" ಅನ್ನಬೇಕು. ಕಳಿಸದಿದ್ದರೆ ಕೊಳ್ಳಬೇಡಿ.

ಮೊಬೈಲ್ ಕ್ಯಾಮೆರಾ ಕೂಡ ತಾನಾಗಿಯೇ ಚಿತ್ರವನ್ನು ನಯ ಮಾಡುತ್ತದೆ. ಆ್ಯಪಿನಲ್ಲಿ ಕಳಿಸಿದಾಗ ಇನ್ನಷ್ಟು ವಿವರ ಕಳೆಯುತ್ತದೆ. 1911ರ ರೂಪಾಯಿಯಲ್ಲಿ ದೊರೆಯ ನಿಲುವಂಗಿ ಮೇಲಿರುವ ಪುಟ್ಟ ಆನೆಗೆ ಸೊಂಡಿಲು ಎಷ್ಟು ಗಿಡ್ಡವೆಂದರೆ, ಅದು ಹಂದಿ ಅಂತ ಜನ ಸಿಟ್ಟಾಗಿದ್ದರು. 1912ರಲ್ಲಿ ಅದನ್ನು ತಿದ್ದಿದರು. ಮಸುಕು ಫೋಟೊದಲ್ಲಿ ಹೊಸ ಆನೆಯೂ ಹಂದಿಯೇ!

ಅಂಚಿನ ಫೋಟೊ ಯಾರೂ ಹಾಕುವುದಿಲ್ಲ, ಗಮನಿಸಿದ್ದೀರಾ? ನಾನು ಬಿಡದೆ ಕೇಳುವುದು ಅದನ್ನೇ. ವಿಕ್ಟೋರಿಯಾ ಕಾಲದ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಶೇ. 91.7 ಬೆಳ್ಳಿ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ಸತು, ನಿಕ್ಕಲ್ ಬೆರೆಸಿದ್ದು, ಬೆಳ್ಳಿಗಿಂತ ಹಗುರ. ಅದರಲ್ಲಿ ಅಷ್ಟೇ ಅಗಲ, ಅಷ್ಟೇ ತೂಕದ ನಕಲಿ ಮಾಡಬೇಕೆಂದರೆ ನಾಣ್ಯ ಸುಮಾರು ಐದನೇ ಒಂದು ಭಾಗ ಜಾಸ್ತಿ ದಪ್ಪ ಇರಲೇಬೇಕು. ತಕ್ಕಡಿ ಮೇಲಿಟ್ಟ ಒಂದು ಫೋಟೊ, ಸ್ಕೇಲ್ ಪಕ್ಕ ಒಂದು, ಅಂಚಿನದು ಒಂದು: ಮೂರೂ ಒಟ್ಟಿಗೆ ಸುಳ್ಳು ಹೇಳುವುದು ಸುಲಭವಲ್ಲ. ಎರಕ ಹೊಯ್ದ ನಕಲಿಯಾದರೆ ಅಂಚಿನ ಸುತ್ತ ಜೋಡಣೆಯ ಗೆರೆಯೂ ಕಾಣಬಹುದು. ನೆತ್ತಿಯ ಹತ್ತಿರ ಬೆಸುಗೆ ಗುರುತಿದ್ದರೆ ಅದು ಸರಕ್ಕೆ ಕೊಂಡಿ ಹಾಕಿದ್ದ ರೂಪಾಯಿ. ನಾಣ್ಯ ಅಸಲಿಯೇ ಇರಬಹುದು, ಸಂಗ್ರಹಕಾರರ ಬೆಲೆ ಮಾತ್ರ ಇಲ್ಲ.

ರಾಮನ ಪಟ್ಟಾಭಿಷೇಕದ ಚಿತ್ರ, 1818ರ ಇಸವಿ, ಈಸ್ಟ್ ಇಂಡಿಯಾ ಕಂಪನಿ ಹೆಸರು ಇರುವ ತಾಮ್ರದ ಬಿಲ್ಲೆಗಳ ಫೋಟೊ ಬಂದರೆ ಬೆಳಕು ನೋಡುವ ಕಷ್ಟವೂ ಬೇಡ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ನಿಮ್ಮ ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಅಂತ ರಿಸರ್ವ್ ಬ್ಯಾಂಕ್ ಹೆಸರಲ್ಲಿ ಕರೆ ಬಂದರೂ ಅಷ್ಟೇ. ಅದು ನಮ್ಮ ಕೆಲಸವಲ್ಲ ಅಂತ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ನಮ್ಮ ಕಡೆಯವರು ಬೇಗ ಮರುಳಾಗುವುದು ಹೊಯ್ಸಳರ ಚಿನ್ನಕ್ಕೆ. ವಿಷ್ಣುವರ್ಧನನ ನಾಣ್ಯದ ಮೇಲೆ ಹಳೆಯ ಲಿಪಿಯಲ್ಲಿ 'ಶ್ರೀ ತಲಕಾಡುಗೊಂಡ' ಅಂತ ಇರುತ್ತದೆ. ಬೇಲೂರು, ಹಳೇಬೀಡು ನೋಡಿ ಬೆಳೆದವರಿಗೆ ಆ ಅಕ್ಷರ ಕಂಡರೆ ಮೈ ಜುಮ್ ಅನ್ನುತ್ತದೆ, ಅಲ್ವಾ? ಅದು ಸುಮಾರು 4 ಗ್ರಾಂ ತೂಗುವ ಪುಟ್ಟ ನಾಣ್ಯ. ಪರದೆ ತುಂಬ ಹಿಗ್ಗಿಸಿದ ಫೋಟೊದಲ್ಲಿ ಅದರ ಗಾತ್ರವೇ ತಿಳಿಯುವುದಿಲ್ಲ. ಅಕ್ಷರಗಳ ಅಂಚು ಕರಗಿದಂತಿದೆಯಾ, ನಡುವೆ ಗುಳ್ಳೆ ಒಡೆದಂಥ ಕುಳಿಗಳಿವೆಯಾ ಅಂತ ನೋಡಿ. ಇದ್ದರೆ ಎರಕದ ನಕಲಿಯೆಂಬ ಅನುಮಾನ ಬಲವಾಗುತ್ತದೆ. "ಹೊಲ ಉಳುವಾಗ ಸಿಕ್ಕಿತು" ಅನ್ನುವ ಕಥೆಯನ್ನೂ ಫೋಟೊ ಜೊತೆ ಕಳಿಸುವವರಿದ್ದಾರೆ. ಆ ಕಥೆ ನಿಜವೇ ಆಗಿದ್ದರೆ ಅದು ನಿಧಿ, ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕಾದದ್ದು.